ಎಕ್ಸೆಲ್‌ನ ಡಿಗೆಟ್: ಐದಕ್ಕೆ ಮೂರು

ಚಿಕ್ಕಪೇಟೆಯ ನಮ್ಮ ಸೀರೆ ಅಂಗಡಿಯ ಸ್ಟಾಕ್ ಪಟ್ಟಿಗೆ ಎಕ್ಸೆಲ್‌ನ ಡಿಗೆಟ್ (DGET, ಕೊಟ್ಟ ಷರತ್ತಿಗೆ ಹೊಂದುವ ಒಂದು ಸಾಲಿನಿಂದ ಬೇಕಾದ್ದನ್ನು ತೆಗೆದುಕೊಡುವ ಸೂತ್ರ) ಹಾಕಿ ಮೂರು ತಿಂಗಳಾಯಿತು. ಕೋಡ್ ಕೊಟ್ಟರೆ ಬೆಲೆ ಬರಬೇಕು, ಅಷ್ಟೇ. ಕೆ7ಕ್ಕೆ ಸರಿಯಾಗಿ ಬರುತ್ತಿತ್ತು, ಕೆ1 ಹೊಡೆದರೆ ಮಾತ್ರ #ನಮ್! (#NUM!) ಅಂತ ಎರರ್ ಕೊಡುತ್ತಿತ್ತು, ಅದೂ ಗಿರಾಕಿ ಎದುರಿಗೆ ನಿಂತಿರುವಾಗ. ಒಂದು ಸಂಜೆ ಪೂರ್ತಿ ಕೂತ ಮೇಲೆ ತಿಳಿಯಿತು: ಕೆ1 ಎಂದರೆ ಇದು ಕೆ10, ಕೆ12 ಹೀಗೆ ಕೆ1ರಿಂದ ಶುರುವಾಗುವ ಎಲ್ಲವನ್ನೂ ಹಿಡಿಯುತ್ತದೆ, ಒಂದಕ್ಕಿಂತ ಜಾಸ್ತಿ ಸಾಲು ಸಿಕ್ಕರೆ ಕೈ ಎತ್ತಿಬಿಡುತ್ತದೆ. ಹುಡುಕುವ ಕೋಡ್ ಬರೆಯುವ ಷರತ್ತಿನ ಸೆಲ್‌ನಲ್ಲಿ ="=ಕೆ1" ಅಂತ ಬರೆದೆ, ಆಗ ಕೆ1 ಒಂದನ್ನೇ ಹಿಡಿಯಿತು, ಸರಿಹೋಯಿತು. ಸಾಲೇ ಸಿಗದಿದ್ದರೆ #ವ್ಯಾಲ್ಯೂ! (#VALUE!) ಅಂತ ಎರರ್ ಬರುತ್ತದೆ. ನಮ್ಮಲ್ಲಿ ಅದಕ್ಕೆ ಕಾರಣ ಕೋಡ್ ಹಿಂದೆ ನಾನೇ ಬಿಟ್ಟಿದ್ದ ಸ್ಪೇಸ್, ಕಣ್ಣಿಗೆ ಕಾಣುವುದಿಲ್ಲ ಅಲ್ವಾ! ಬರೀ ಕೋಡ್ ನೋಡಿ ಹುಡುಕಲು ಎಕ್ಸೆಲ್‌ನ ಇನ್ನೊಂದು ಸೂತ್ರ ಎಕ್ಸ್‌ಲುಕಪ್ಪೇ ಸುಲಭ. ಬಣ್ಣ, ಬಾರ್ಡರ್, ಅಳತೆ ಎಲ್ಲ ಸೇರಿಸಿ ಹುಡುಕುವಾಗ ಮಾತ್ರ ಡಿಗೆಟ್ ಇಟ್ಟುಕೊಂಡಿದ್ದೇನೆ.