ತೂಕದ ಕಾಲಂ ಬದಲಿಸುವ ಪ್ಯಾಚ್: ಕೋಡ್ ಸರಿ, ಬರಹ ಸಾಲದು

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್‌ಗೆ ಹುಬ್ಬಳ್ಳಿಯ ತಂಡವೊಂದು ಬರೆದ ಪ್ಯಾಚ್ (ಕೋಡ್ ತಿದ್ದುಪಡಿ) ಇದು. ಡೇಟಾಬೇಸ್ ಪೋಸ್ಟ್‌ಗ್ರೆಸ್. ಮುಖ್ಯ ಬದಲಾವಣೆ ಒಂದೇ ಸಾಲು: ತೂಕದ ಕಾಲಂ ನ್ಯೂಮರಿಕ್ (10,2) ಇದ್ದದ್ದು (10,3) ಆಗಿದೆ, ಅಂದರೆ ಒಟ್ಟು ಹತ್ತು ಅಂಕಿಯಲ್ಲಿ ದಶಾಂಶದ ನಂತರ ಎರಡರ ಬದಲು ಮೂರು. ಇದು ಬೇಕೇ ಬೇಕಿತ್ತು. ಆದರೆ ಕಮಿಟ್ ಮೆಸೇಜ್ (ಬದಲಾವಣೆಯ ಜೊತೆ ಬರೆದಿಡುವ ಟಿಪ್ಪಣಿ) ಬರೀ ‘ತೂಕ ಫಿಕ್ಸ್’, ಕಾಮೆಂಟ್ ‘ಮೂರು ದಶಾಂಶ’. ಮೂರು ಅನ್ನುವುದು ಕೋಡ್‌ನಲ್ಲೇ ಕಾಣುತ್ತದೆ. ಯಾಕೆ ಮೂರು ಅನ್ನುವುದು ಎಲ್ಲೂ ಇಲ್ಲ.

ಈ ಕಾಲಂನ ಅಳತೆ ಕ್ವಿಂಟಲ್. ಎರಡೇ ದಶಾಂಶ ಇದ್ದರೆ ಒಂದು ಕಿಲೋಗಿಂತ ಕಡಿಮೆ ತೂಕ ಉಳಿಯುವುದಿಲ್ಲ. ಕಾಟಾದಲ್ಲಿ 845 ಕಿಲೋ 400 ಗ್ರಾಂ ಬಂದರೆ 8.454 ಆಗಬೇಕಾದದ್ದು 8.45 ಆಗಿ ಕೂರುತ್ತದೆ. ಕ್ವಿಂಟಲ್‌ಗೆ 20,000 ರೂಪಾಯಿ ದರ ಹಿಡಿದರೆ ರೈತನ ಪಟ್ಟಿಯಲ್ಲಿ 80 ರೂಪಾಯಿ ಖೋತಾ. 500 ಗ್ರಾಂ ಇದ್ದರೆ 8.46 ಆಗಿ 100 ರೂಪಾಯಿ ಖರೀದಿದಾರನ ತಲೆಗೆ. ಕಾಮೆಂಟ್‌ನಲ್ಲಿ ಇರಬೇಕಾದದ್ದು ಇದು: ‘ಅಳತೆ ಕ್ವಿಂಟಲ್, 0.001 ಅಂದರೆ 100 ಗ್ರಾಂ.’ ಅದನ್ನು ಡೇಟಾಬೇಸ್ ಬದಲಿಸುವ ಮೈಗ್ರೇಶನ್ ಫೈಲ್‌ನಲ್ಲಿ ಬಿಡದೆ ‘ಕಾಮೆಂಟ್ ಆನ್ ಕಾಲಂ’ ಆಜ್ಞೆಯಿಂದ ಕಾಲಂಗೇ ಅಂಟಿಸಿದರೆ ಟೇಬಲ್ ತೆರೆದವರ ಕಣ್ಣಿಗೆ ಬೀಳುತ್ತದೆ.

ಕಮಿಟ್ ಮೆಸೇಜ್‌ನ ಹೊಣೆ ಇನ್ನೂ ದೊಡ್ಡದು. ದಶಾಂಶ ಹಾಗೇ ಇಟ್ಟು ಒಟ್ಟು ಅಂಕಿ ಮಾತ್ರ ಹೆಚ್ಚಿಸಿ (12,2) ಮಾಡಿದ್ದರೆ ಪೋಸ್ಟ್‌ಗ್ರೆಸ್ ಟೇಬಲ್ ಮುಟ್ಟುತ್ತಿರಲಿಲ್ಲ. ದಶಾಂಶದ ಸಂಖ್ಯೆ ಬದಲಾದರೆ ಇಡೀ ಟೇಬಲ್ ಮರುಬರವಣಿಗೆ. ಮುಗಿಯುವತನಕ ಬರೆಯುವುದಿರಲಿ, ಓದುವುದಕ್ಕೂ ತಡೆ. ಅಷ್ಟು ಹೊತ್ತು ಡಿಸ್ಕ್‌ನಲ್ಲಿ ಟೇಬಲ್‌ನಷ್ಟೇ ಹೆಚ್ಚುವರಿ ಜಾಗವೂ ಬೇಕು. ಟೆಂಡರ್ ನಡೆಯುವ ದಿನ ಇದನ್ನು ಓಡಿಸಿದರೆ ಪಟ್ಟಿ ಹರಿಯುವುದು ನಿಂತುಹೋಗುತ್ತದೆ. ‘ಪೇಟೆ ಮುಗಿದ ಮೇಲೆ, ರಾತ್ರಿ ಮಾತ್ರ’ ಎಂಬ ಮಾತು ಮೆಸೇಜ್‌ನಲ್ಲೇ ಬರಬೇಕು.

ಹಳೇ ಸಾಲುಗಳ ವಿಷಯ ಇನ್ನೂ ಸೂಕ್ಷ್ಮ. 8.45 ಈಗ 8.450 ಆಗಿ ಕಾಣುತ್ತದೆ, ಕಳೆದ ಗ್ರಾಂ ಮಾತ್ರ ವಾಪಸ್ ಬರುವುದಿಲ್ಲ. ಎರಡು ವರ್ಷದ ನಂತರ ತಕರಾರು ಬಂದು ಯಾರಾದರೂ ಗಿಟ್ ಬ್ಲೇಮ್ ಮಾಡಿ ಈ ಸಾಲು ಯಾವ ಕಮಿಟ್‌ನಿಂದ ಬಂತು ಎಂದು ಹುಡುಕಿದಾಗ ಅವರಿಗೆ ಸಿಗುವುದು ‘ತೂಕ ಫಿಕ್ಸ್’ ಅಷ್ಟೇ. ರೋಲ್‌ಬ್ಯಾಕ್ (ಬದಲಾವಣೆ ಹಿಂತೆಗೆಯುವುದು) ಕೂಡ ಸದ್ದಿಲ್ಲದೆ ಮತ್ತೆ ಎರಡು ದಶಾಂಶಕ್ಕೆ ರೌಂಡ್ ಮಾಡುತ್ತದೆ. ಅಲ್ಲಿ ಎಚ್ಚರಿಕೆಯ ಒಂದು ಸಾಲೂ ಇಲ್ಲ.

ಶೀರ್ಷಿಕೆ ಹೀಗಿದ್ದರೆ ಸಾಕು: ‘ತೂಕ: 100 ಗ್ರಾಂ ತನಕ ಉಳಿಸು’. 50 ಅಕ್ಷರದೊಳಗೆ ಮುಗಿಯುತ್ತದೆ. ಒಂದು ಸಾಲು ಬಿಟ್ಟು ಕೆಳಗೆ ಕಾರಣ, ತಡೆ, ಹಳೇ ಸಾಲುಗಳ ಸ್ಥಿತಿ.

ಇದೇ ಫೈಲ್‌ಗೆ ತುರುಕಿರುವ ಕನ್‌ಕರೆಂಟ್ ಇಂಡೆಕ್ಸ್ (ಬರೆಯುವುದನ್ನು ತಡೆಯದೆ ಕಟ್ಟುವ ಹುಡುಕುಪಟ್ಟಿ) ಟ್ರಾನ್ಸಾಕ್ಷನ್ ಒಳಗೆ, ಅಂದರೆ ಎಲ್ಲವೂ ಆಗಬೇಕು ಇಲ್ಲವೇ ಏನೂ ಆಗಬಾರದು ಎಂಬ ಆಜ್ಞೆಗಳ ಕಟ್ಟಿನಲ್ಲಿ, ಓಡುವುದೇ ಇಲ್ಲ. ಅದು ಬೇರೆ ಮೈಗ್ರೇಶನ್, ಬೇರೆ ಕಮಿಟ್ ಆಗಲಿ. ಅಲ್ಲಿಯತನಕ ಮರ್ಜ್ (ಮೂಲ ಕೋಡ್‌ಗೆ ಸೇರಿಸುವುದು) ಬೇಡ.