ಇಂಗ್ಲೆಂಡಿನಿಂದ ದಾವಣಗೆರೆಗೆ ದುಡ್ಡು: ಪಡೆಯುವವರ ಕಡೆಯಿಂದ ಒಂದು ವಿಮರ್ಶೆ

ಹೊರದೇಶದಿಂದ ದುಡ್ಡು ಕಳಿಸುವ ಆ್ಯಪ್‌ಗಳ ಬಗ್ಗೆ ಬರೆಯುವವರೆಲ್ಲ ಕಳಿಸುವವರೇ. ನಾನು ದುಡ್ಡು ಬಂದು ಬೀಳುವ ಕಡೆ ಇರುವವನು. ತಂಗಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನರ್ಸ್. ಕೊರೋನಾಗೂ ಮೊದಲಿನಿಂದ ಅಪ್ಪ-ಅವ್ವನ ಖರ್ಚಿಗೆ ತಿಂಗಳು ತಿಂಗಳು ಕಳಿಸುತ್ತಾಳೆ. ಈಗ ಅವಳು ಕಳಿಸುವುದು ವೈಸ್ ಅನ್ನುವ ಆ್ಯಪ್‌ನಲ್ಲಿ, ಈ ವಿಮರ್ಶೆ ಮುಖ್ಯವಾಗಿ ಅದರದ್ದೇ. ಇಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸುವುದು, ಅಪ್ಪನ ಬಿ.ಪಿ. ಮಾತ್ರೆ ತರುವುದು, ಮನೆ ಕಂದಾಯ ಕಟ್ಟುವುದು ನನ್ನ ಪಾಲಿನ ಕೆಲಸ. ಚೌಕಿಪೇಟೆಯಲ್ಲಿ ನನ್ನದು ಬಟ್ಟೆ ಅಂಗಡಿ. ಲೆಕ್ಕ ಬರೆದಿಡುವ ಚಟ ಮೊದಲೇ ಇತ್ತು. ಹಾಗಾಗಿ ಅಂಗಡಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಎರಡೇ ಅಂಕಿ ಬರೆಯುತ್ತಾ ಬಂದಿದ್ದೇನೆ. ತಂಗಿ ಖಾತೆಯಿಂದ ಎಷ್ಟು ಪೌಂಡ್ ಹೋಯಿತು, ಅಪ್ಪನ ಖಾತೆಗೆ ಎಷ್ಟು ರೂಪಾಯಿ ಬಿತ್ತು. ರೂಪಾಯಿಯನ್ನು ಪೌಂಡ್‌ನಿಂದ ಭಾಗಿಸಿ, ಅವತ್ತು ಗೂಗಲ್‌ನಲ್ಲಿ ಕಾಣುವ ರೇಟಿನ ಪಕ್ಕ ಇಟ್ಟು ನೋಡಿ. ಯಾರು ಎಷ್ಟು ಹಿಡಿದುಕೊಂಡರು ಅನ್ನೋದು ಅಲ್ಲೇ ಕಾಣುತ್ತದೆ.

ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ‘ಶುಲ್ಕ ಸೊನ್ನೆ’ ಅನ್ನುವ ಜಾಹೀರಾತು ನೋಡಿ ಮರುಳಾಗುವವರು ಈಗಲೂ ಜಾಸ್ತಿ. ಬಂಗಾರದಂಗಡಿಯವರು ಮಜೂರಿ ಇಲ್ಲ ಅಂದರೆ ಅವ್ವ ಸುಮ್ನೆ ಇರುತ್ತಾಳಾ? ವೇಸ್ಟೇಜ್ ಎಷ್ಟು ಹಾಕಿದ್ದೀರಿ ಅಂತ ತಕ್ಷಣ ಕೇಳುತ್ತಾಳೆ. ಇಲ್ಲೂ ಅದೇ ಆಟ. ಶುಲ್ಕದಲ್ಲಿ ಬಿಟ್ಟಿದ್ದನ್ನು ರೇಟಿನಲ್ಲಿ ಹಿಡಿಯುತ್ತಾರೆ. ಒಂದು ಪೌಂಡ್‌ಗೆ ಮಾರುಕಟ್ಟೆ ರೇಟು 110 ರೂಪಾಯಿ ಇದೆ ಅಂತಿಟ್ಟುಕೊಳ್ಳಿ. 500 ಪೌಂಡ್‌ಗೆ 55,000 ಆಗಬೇಕು. ಶುಲ್ಕವೇ ಇಲ್ಲ ಅನ್ನುವವನು 107.50ರ ರೇಟು ಕೊಟ್ಟರೆ ಕೈಗೆ ಬರೋದು 53,750. 3 ಪೌಂಡ್ ಶುಲ್ಕ ಮುರಿದುಕೊಂಡು ಉಳಿದ 497 ಪೌಂಡ್‌ಗೆ ಪೂರ್ತಿ 110 ಕೊಡುವವನ ಹತ್ತಿರ 54,670 ಸಿಗುತ್ತದೆ. ಶುಲ್ಕ ಕಟ್ಟಿಯೂ 920 ರೂಪಾಯಿ ಜಾಸ್ತಿ. ತಿಂಗಳು ತಿಂಗಳು ಕಳಿಸುವವರಿಗೆ ವರ್ಷಕ್ಕೆ ಇದು ಹತ್ತು ಸಾವಿರ ದಾಟುತ್ತದೆ.

ಮೊದಲು ತಂಗಿ ಅಲ್ಲಿನ ತನ್ನ ಬ್ಯಾಂಕಿನಿಂದ ನೇರ ಸ್ವಿಫ್ಟ್‌ನಲ್ಲಿ, ಅಂದರೆ ಬೇರೆ ಬೇರೆ ದೇಶಗಳ ಬ್ಯಾಂಕುಗಳು ಒಂದಕ್ಕೊಂದು ಸಂದೇಶ ಕಳಿಸುವ ಜಾಲದ ಮೂಲಕ, ಕಳಿಸುತ್ತಿದ್ದಳು. ಬ್ಯಾಂಕಿನ ಹೆಸರು ಬೇಡ, ಎಲ್ಲ ಕಡೆ ಹೆಚ್ಚುಕಡಿಮೆ ಇದೇ ಕಥೆ. ಅಲ್ಲಿ ಒಂದು ಶುಲ್ಕ. ನಡುವೆ ಇನ್ನೊಂದು ಬ್ಯಾಂಕು ಇರುತ್ತದೆ, ಅದೂ ತನ್ನ ಪಾಲು ಮುರಿದುಕೊಂಡೇ ಮುಂದೆ ಕಳಿಸುತ್ತದೆ. ಇಲ್ಲಿಗೆ ಬಂದಮೇಲೆ ಇಲ್ಲಿನ ಬ್ಯಾಂಕಿನ ರೇಟು. ಅದರ ಮೇಲೆ ಜಿಎಸ್‌ಟಿ. ಹಣ ಬದಲಿಸುವುದಕ್ಕೆ ಜಿಎಸ್‌ಟಿ ಲೆಕ್ಕ ಸ್ವಲ್ಪ ವಿಚಿತ್ರ. 1 ಲಕ್ಷದವರೆಗೆ ಮೊತ್ತದ ಶೇ. 1 ಅನ್ನು ಸೇವೆಯ ಬೆಲೆ ಅಂತ ಹಿಡಿದು, ಅದರ ಮೇಲೆ ಶೇ. 18. 55,000 ರೂಪಾಯಿಗೆ 99 ರೂಪಾಯಿ. ಎಷ್ಟೇ ಸಣ್ಣ ಮೊತ್ತ ಬಂದರೂ 45 ರೂಪಾಯಿ ತಪ್ಪದು. ಇದು ದೊಡ್ಡದಲ್ಲ ಬಿಡಿ. ತಲೆನೋವು ಬೇರೆ ಇತ್ತು. ಎಷ್ಟು ಬೀಳುತ್ತದೆ ಅನ್ನೋದು ಬೀಳುವ ತನಕ ಯಾರಿಗೂ ಗೊತ್ತಿರುತ್ತಿರಲಿಲ್ಲ. ಒಮ್ಮೆ ದುಡ್ಡು ಬಂದು ಬ್ಯಾಂಕಿನಲ್ಲೇ ಕೂತಿತ್ತು, ಖಾತೆಗೆ ಜಮಾ ಆಗಿರಲಿಲ್ಲ. ವಿಚಾರಿಸಿದರೆ ಕೌಂಟರಿನವರು, “ಸರ್, ಪರ್ಪಸ್ ಕೋಡ್ ಕೊಟ್ಟಿಲ್ಲ ನೀವು, ಫಾರ್ಮ್ ಬರ್ಕೊಡಿ” ಅಂದರು. ದುಡ್ಡು ಯಾತಕ್ಕೆ ಬಂತು ಅಂತ ಹೇಳುವ ಕೋಡ್ ಅದು, ಮನೆ ಖರ್ಚಿಗೆ ಬರುವ ದುಡ್ಡಿಗೆ ಪಿ1301 ಅಂತ ಬರೆಯಬೇಕು. ಅಪ್ಪ ಮಂಡಿನೋವು ಇಟ್ಟುಕೊಂಡು ಸಹಿ ಹಾಕಲು ಬಂದರು. ಸ್ವಿಫ್ಟ್‌ನಲ್ಲೇ ತರಿಸುವುದಾದರೆ ಕಳಿಸುವಾಗಲೇ ‘ಅವರ್’ (OUR) ಅಂತ ಆರಿಸಲು ಹೇಳಿ. ಆಗ ದಾರಿಖರ್ಚು ಕಳಿಸುವವರ ಮೇಲೆ ಬೀಳುತ್ತದೆ. ‘ಶಾ’ (SHA) ಅಂದರೆ ಇಬ್ಬರಿಗೂ ಪಾಲು, ‘ಬೆನ್’ (BEN) ಅಂದರೆ ಪೂರ್ತಿ ಪಡೆಯುವವರ ತಲೆಗೆ.

ಆಮೇಲೆ ತಂಗಿ ಹಿಡಿದದ್ದು ವೈಸ್. ಆಗ ಅದರ ಹೆಸರು ಟ್ರಾನ್ಸ್‌ಫರ್‌ವೈಸ್ ಅಂತಿತ್ತು, 2021ರಲ್ಲಿ ಬರೀ ವೈಸ್ ಆಯಿತು. 2011ರಲ್ಲಿ ಲಂಡನ್‌ನಲ್ಲಿ ಇಬ್ಬರು ಎಸ್ಟೋನಿಯಾದವರು ಶುರು ಮಾಡಿದ ಕಂಪನಿ. ಕೆಲಸ ನಡೆಯುವ ರೀತಿ ನನ್ನಂಥ ವ್ಯಾಪಾರಸ್ಥನಿಗೆ ಬೇಗ ಅರ್ಥವಾಗುತ್ತದೆ. ತಂಗಿ ಅಲ್ಲಿಯೇ ಇರುವ ಅವರ ಖಾತೆಗೆ ಪೌಂಡ್ ಕಟ್ಟುತ್ತಾಳೆ. ಇಲ್ಲಿ ಭಾರತದೊಳಗಿನ ಖಾತೆಯಿಂದ ಅಪ್ಪನಿಗೆ ರೂಪಾಯಿ ಬರುತ್ತದೆ. ಪ್ರತಿ ಸಲ ದುಡ್ಡು ನಾಲ್ಕು ಬ್ಯಾಂಕು ಹತ್ತಿ ಇಳಿದು ಬರಬೇಕಾಗಿಲ್ಲ. ರೇಟು ಮಾರುಕಟ್ಟೆಯ ನಡುವಿನ ರೇಟು, ಅಂದರೆ ಕೊಳ್ಳುವ ರೇಟು, ಮಾರುವ ರೇಟು ಎರಡರ ನಡುವಿನದ್ದು. ಶುಲ್ಕ ಬೇರೆ ಸಾಲಿನಲ್ಲಿ. ಕಳಿಸುವ ಮೊದಲೇ ಇಷ್ಟು ರೂಪಾಯಿ ಬೀಳುತ್ತದೆ ಅಂತ ಪರದೆ ಮೇಲೆ ಬರುತ್ತದೆ. ತಂಗಿ ಅದರ ಫೋಟೋ ಹಾಕುತ್ತಾಳೆ, “ಅಣ್ಣಾ, ಇಷ್ಟು ಬರುತ್ತೆ ನೋಡು” ಅಂತ. ಪಾಸ್‌ಬುಕ್‌ನಲ್ಲಿ ಪೈಸೆ ಸಮೇತ ಅಷ್ಟೇ ಇರುತ್ತದೆ. ಇಷ್ಟು ವರ್ಷ ಇದನ್ನೇ ಇಟ್ಟುಕೊಂಡಿರುವುದಕ್ಕೆ ಅಗ್ಗ ಅನ್ನೋದಕ್ಕಿಂತ ಇದೇ ದೊಡ್ಡ ಕಾರಣ.

ಬಳಸುವವರು ಗಮನಿಸಬೇಕಾದ ಒಂದೆರಡು ಸಂಗತಿ ಇವೆ. ಹಣ ಹೇಗೆ ಕಟ್ಟುತ್ತೀರಿ ಅನ್ನೋದರ ಮೇಲೆ ಶುಲ್ಕ ಬದಲಾಗುತ್ತದೆ. ಬ್ಯಾಂಕ್ ಖಾತೆಯಿಂದ ಕಟ್ಟಿದರೆ ಕಡಿಮೆ, ಕ್ರೆಡಿಟ್ ಕಾರ್ಡ್ ಉಜ್ಜಿದರೆ ಜಾಸ್ತಿ. ಇಲ್ಲಿ ಕೈಗೆ ನಗದು ಕೊಡುವ ವ್ಯವಸ್ಥೆ ಅದರಲ್ಲಿಲ್ಲ, ಬ್ಯಾಂಕ್ ಖಾತೆ ಬೇಕೇ ಬೇಕು. ಇನ್ನು ಪಾಸ್‌ಬುಕ್‌ನಲ್ಲಿ ಕಳಿಸಿದವರ ಹೆಸರನ್ನೇ ನಂಬಿ ಕೂರಬೇಡಿ. ಪ್ರತಿ ರಸೀದಿಯ ಪಿಡಿಎಫ್ ಒಂದು ಕಡೆ ತೆಗೆದಿಡಿ. ಆಡಿಟರ್ ಕೇಳಿದಾಗ ಬೇಕಾಗುತ್ತದೆ. ಮಗಳು ಅಪ್ಪನಿಗೆ, ತಂಗಿ ಅಣ್ಣನಿಗೆ ಕೊಟ್ಟ ದುಡ್ಡಿಗೆ ನಮ್ಮಲ್ಲಿ ತೆರಿಗೆ ಇಲ್ಲ. ಆದರೆ ಅದನ್ನು ಎಫ್‌ಡಿ ಇಟ್ಟರೆ ಬಡ್ಡಿ ನಮ್ಮ ಆದಾಯ.

ಇನ್ನೊಂದು ನಮ್ಮ ಕಡೆಯವರಿಗೇ ಹೇಳಬೇಕಾದ್ದು. ಮನೆಯಲ್ಲಿ ಹಿರಿಯರ ಪಾಸ್‌ಬುಕ್ ಯಾವ ಬ್ಯಾಂಕಿನದ್ದು ಅಂತ ಒಮ್ಮೆ ತೆಗೆದು ನೋಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಹೋದವು. ಕರ್ನಾಟಕದಷ್ಟು ಬ್ಯಾಂಕು ಕಳೆದುಕೊಂಡ ರಾಜ್ಯ ಇನ್ನೊಂದಿದೆಯೋ ಇಲ್ಲವೋ! ಸಿಂಡಿಕೇಟಿನ ಹಳೆ ಐಎಫ್‌ಎಸ್‌ಸಿ 2021ರ ಜುಲೈ 1ರಿಂದ ನಡೆಯುವುದಿಲ್ಲ. ಹೊಸ ಚೆಕ್‌ಬುಕ್ಕಿನ ಮೊದಲ ಎಲೆ ನೋಡಿಯೇ ಐಎಫ್‌ಎಸ್‌ಸಿ ಕೊಡಿ. ಹೆಸರೂ ಅಷ್ಟೇ. ಆಧಾರ್‌ನಲ್ಲಿ ಪೂರ್ತಿ ಹೆಸರು, ಪಾಸ್‌ಬುಕ್‌ನಲ್ಲಿ ಎರಡು ಇನಿಶಿಯಲ್ ಇದ್ದರೆ, ಪಾಸ್‌ಬುಕ್‌ನಲ್ಲಿ ಇದ್ದ ಹಾಗೇ ಬರೆಸಿ.

ಊರೆಲ್ಲ ಒಂದೇ ಆ್ಯಪ್ ಹಿಡಿಯಬೇಕು ಅಂತ ನಾನು ಹೇಳುವುದಿಲ್ಲ. ಸೋದರಮಾವನ ಮಗ ಶಾರ್ಜಾದಲ್ಲಿದ್ದಾನೆ. ಅವನು ಅಲ್ಲಿನ ಎಕ್ಸ್‌ಚೇಂಜ್ ಹೌಸಿಗೆ (ಹಣ ಬದಲಿಸಿ ಕಳಿಸಿಕೊಡುವ ಅಂಗಡಿ) ಹೋಗಿಯೇ ಕಳಿಸುವುದು. ಕೊಲ್ಲಿಯ ದಾರಿಯಲ್ಲಿ ಪೈಪೋಟಿ ಜೋರು, ರೇಟು ಚೆನ್ನಾಗಿಯೇ ಇರುತ್ತದೆ. ಶುಲ್ಕ ಒಂದು ಸಲಕ್ಕೆ ಇಷ್ಟು ದಿರ್ಹಮ್ ಅಂತ. ಹಾಗಾಗಿ ಅವನು ಎರಡು ತಿಂಗಳಿನದ್ದು ಸೇರಿಸಿ ಒಟ್ಟಿಗೆ ಹಾಕುತ್ತಾನೆ. ದಿರ್ಹಮ್ ಒಂದು ಡಾಲರ್‌ಗೆ 3.6725 ಅಂತ 1997ರಿಂದ ಕಟ್ಟಿಹಾಕಿದ್ದು. ಅವನಿಗೆ ನೋಡಬೇಕಾದ್ದು ಡಾಲರ್-ರೂಪಾಯಿ ಒಂದೇ. ಸಿಂಗಾಪುರದವರಿಗೆ ಇನ್ನೂ ಸಲೀಸು. 2023ರ ಫೆಬ್ರುವರಿಯಿಂದ ಅಲ್ಲಿನ ಮೊಬೈಲ್ ಪಾವತಿ ವ್ಯವಸ್ಥೆ ಪೇನೌ ನಮ್ಮ ಯುಪಿಐಗೆ ಜೋಡಿಯಾಗಿದೆ. ದಿನಕ್ಕೆ 60,000 ರೂಪಾಯಿ ಮಿತಿ ಇಟ್ಟು ಶುರು ಮಾಡಿದರು. ಖಾತೆ ಇಲ್ಲದವರಿಗೆ, ರಾತ್ರೋರಾತ್ರಿ ಆಸ್ಪತ್ರೆ ಖರ್ಚು ಬಂದವರಿಗೆ ವೆಸ್ಟರ್ನ್ ಯೂನಿಯನ್ ಥರದ ನಗದು ದಾರಿ ಈಗಲೂ ಇದೆ. ಆದರೆ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಕೈಗೆ ನಗದು ಕೊಡುವುದು 50,000ದವರೆಗೆ ಮಾತ್ರ. ಜಗತ್ತಿನ ಲೆಕ್ಕ ಬೇಕಾದರೆ, 200 ಡಾಲರ್ ಕಳಿಸೋಕೆ ಸರಾಸರಿ ಶೇ. 6ಕ್ಕಿಂತ ಜಾಸ್ತಿ ಖರ್ಚಾಗುತ್ತದೆ ಅಂತ ವಿಶ್ವಬ್ಯಾಂಕ್ ಹೇಳುತ್ತದೆ. ನನ್ನ ಪುಸ್ತಕದಲ್ಲಿ ಅದು ಶೇ. 1ರ ಒಳಗೇ ನಿಂತಿದೆ.

ಹೊಸ ಆ್ಯಪ್‌ಗಳ ‘ಮೊದಲ ಸಲದ ರೇಟು’ ಬಿಡಬೇಡಿ, ತಗೊಳ್ಳಿ. ಅದು ಮಾರುಕಟ್ಟೆಗಿಂತ ಚೆನ್ನಾಗಿರುವುದೂ ಉಂಟು. ತಂಗಿ ಒಮ್ಮೆ, ತಂಗಿ ಗಂಡ ಒಮ್ಮೆ ಅಂತ ಅದನ್ನೂ ಸವಿದಿದ್ದಾರೆ. ಎರಡನೇ ಸಲದಿಂದ ರೇಟು ಇಳಿಯುತ್ತದೆ, ಆಗ ವಾಪಸ್ ಬನ್ನಿ. ಸಂಕೋಚ ಬೇಡ, ನನ್ನ ಗಿರಾಕಿಗಳೂ ಹಬ್ಬದ ಡಿಸ್ಕೌಂಟಿಗೆ ಹೀಗೇ ಮಾಡುತ್ತಾರೆ. “ಕೈ ಮೇಲೆ ಕೊಡ್ತೀನಿ, ರೇಟು ಎರಡು ರೂಪಾಯಿ ಜಾಸ್ತಿ” ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಅದು ಹವಾಲಾ, ಕಾನೂನಿಗೆ ವಿರುದ್ಧ. ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ದೊಡ್ಡ ಮೊತ್ತ ಬಂದಾಗ ನನ್ನ ಲೆಕ್ಕವೇ ಬೇರೆ. ತಂಗಿಗೆ ವಿದ್ಯಾನಗರದ ಮನೆ ಮೇಲೆ ಇನ್ನೊಂದು ಮಹಡಿ ಹಾಕಿಸುವ ಆಸೆ. ಶೇಕಡಾ ಲೆಕ್ಕದ ಶುಲ್ಕ ಅಲ್ಲಿ ಭಾರವಾಗುತ್ತದೆ, ಸ್ವಿಫ್ಟಿನ ಶುಲ್ಕ ಎಷ್ಟೇ ದೊಡ್ಡ ಮೊತ್ತಕ್ಕೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬೋರ್ಡಿನ ಮೇಲಿನ ರೇಟಿಗೆ ಒಪ್ಪದೆ ಮ್ಯಾನೇಜರ್ ಹತ್ತಿರ ಕೂತು ಕೇಳಿದರೆ, ಅವರು ಮೇಲಿನ ಫಾರೆಕ್ಸ್ ವಿಭಾಗಕ್ಕೆ ಫೋನ್ ಮಾಡಿ ಸ್ಪೆಷಲ್ ರೇಟು ತರಿಸಿಕೊಡಬಹುದು. ಚೌಕಾಸಿ ಅಲ್ಲೂ ನಡೆಯುತ್ತದೆ ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ದುಡ್ಡು ಯಾರ ಖಾತೆಗೆ ಬೀಳಬೇಕು ಅನ್ನೋದನ್ನೂ ಮೊದಲೇ ಮಾತಾಡಿಕೊಳ್ಳಿ. ಅಪ್ಪನ ಖಾತೆಗೆ ಬಿದ್ದದ್ದು ಅಪ್ಪನ ದುಡ್ಡು. ತಂಗಿಯ ಉಳಿತಾಯ ತಂಗಿಯದ್ದೇ ಆಗಿ ಇರಬೇಕು ಅಂದರೆ ಅವಳ ಹೆಸರಿನ ಎನ್‌ಆರ್‌ಇ ಖಾತೆಗೇ (ಹೊರದೇಶದಲ್ಲಿರುವ ಭಾರತೀಯರು ಅಲ್ಲಿನ ಗಳಿಕೆ ಇಡಲು ಇಲ್ಲಿ ತೆರೆಯುವ ರೂಪಾಯಿ ಖಾತೆ) ಬರಬೇಕು. ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬೇಕಾದಾಗ ಅಸಲು-ಬಡ್ಡಿ ಎರಡನ್ನೂ ವಾಪಸ್ ಒಯ್ಯಬಹುದು. ಅಣ್ಣ-ತಂಗಿ ಮಧ್ಯೆ ಇಂಥ ಮಾತು ಯಾಕೆ ಅಂತ ಅವ್ವ ಸಿಡುಕಿದಳು. ನಾನಂತೂ ಎನ್‌ಆರ್‌ಇ ಖಾತೆಯ ಫಾರ್ಮ್ ತರಿಸಿ ತಂಗಿಗೆ ಕಳಿಸಿದ್ದೇನೆ. ಮಹಡಿಯ ದುಡ್ಡು ಬರುವ ವಾರ ಎರಡು ಬ್ಯಾಂಕಿನ ಸ್ಪೆಷಲ್ ರೇಟು, ವೈಸ್‌ನಲ್ಲಿ ಕಾಣುವ ಮೊತ್ತ, ಮೂರನ್ನೂ ಒಂದೇ ದಿನ ಒಂದೇ ಹೊತ್ತಿಗೆ ತೆಗೆದು ಪಕ್ಕ ಪಕ್ಕ ಇಡುತ್ತೇವೆ. ರೂಪಾಯಿ ಜಾಸ್ತಿ ತೋರಿಸಿದವರಿಗೆ ಕೆಲಸ.