ಐಯು ಅಭಿನಯ ನೋಡೋಕೆ ನೆಟ್‌ಫ್ಲಿಕ್ಸ್: 149ರ ಪ್ಲಾನ್ ಸಾಕಾ, 199 ಬೇಕಾ?

ಮಂಡ್ಯದ ಕಡೆ ಕುರುಕ್ಷೇತ್ರ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳಿಗೆ ಒಂದು ಕಷ್ಟ ಚೆನ್ನಾಗಿ ಗೊತ್ತು. ಒಳ್ಳೆ ಕಂಠ ಇದೆ ಅಂತ ಒಬ್ಬರಿಗೆ ಕೃಷ್ಣನ ಪಾತ್ರ ಕೊಟ್ಟಿರುತ್ತಾರೆ. ಕಂದಪದ್ಯ ಮುಗಿಯುವ ತನಕ ಎಲ್ಲ ಸರಿ. ಮಾತು ಶುರುವಾದ ಕೂಡಲೇ ಅದೂ ರಾಗವಾಗಿಯೇ ಬರುತ್ತದೆ, ಪ್ರತಿ ಸಾಲಿನ ಕೊನೆ ಮೇಲಕ್ಕೇಳುತ್ತದೆ. ಎದುರಿಗಿರುವ ಅರ್ಜುನ ಏನು ಹೇಳಿದ ಅನ್ನುವುದು ಕಿವಿಗೇ ಬಿದ್ದಿರುವುದಿಲ್ಲ. ತನ್ನ ಸರದಿ ಬರಲಿ ಅಂತ ಕಾಯುತ್ತ ನಿಂತಿರುತ್ತಾರೆ, ಅಷ್ಟೆ.

ಕೊರಿಯಾದ ಪಾಪ್ ಗಾಯಕರು ನಟನೆಗೆ ಬಂದಾಗ ಎಡವುವುದೂ ಹೆಚ್ಚುಕಡಿಮೆ ಇಲ್ಲೇ. ಮೂರೂವರೆ ನಿಮಿಷದ ಹಾಡಿಗೆ ಮುಖಭಾವ ಹಿಡಿಯುವುದು, ಕ್ಯಾಮೆರಾ ತನ್ನ ಕಡೆ ತಿರುಗಿದ ಕ್ಷಣ ನೇರ ಲೆನ್ಸಿಗೇ ನೋಡುವುದು, ಇದು ಅವರಿಗೆ ವರ್ಷಗಟ್ಟಲೆ ಕೊಟ್ಟ ತರಬೇತಿ. ಧಾರಾವಾಹಿಯಲ್ಲಿ ಬೇಕಾದದ್ದು ಅದರ ತದ್ವಿರುದ್ಧ: ಎದುರಿನವರನ್ನು ನೋಡಬೇಕು, ಅವರ ಮಾತು ಕೇಳಬೇಕು, ತನ್ನ ಮಾತಿಲ್ಲದ ಹೊತ್ತಿನಲ್ಲೂ ಪಾತ್ರವಾಗಿಯೇ ಇರಬೇಕು. ಅಲ್ಲಿನ ಪ್ರೇಕ್ಷಕರು ಕೆಟ್ಟ ನಟನೆಗೆ ‘ಬಾಲ್‌ಯೊನ್‌ಗಿ’ ಅಂತಾರೆ, ಕಾಲಲ್ಲಿ ಮಾಡಿದ ನಟನೆ ಅಂತ ಅರ್ಥ. ಹೊಸದಾಗಿ ನಟನೆಗಿಳಿದ ಗಾಯಕರ ಮೇಲೆ ಮೊದಲು ಬೀಳುವ ಮಾತು ಅದು.

ಈ ಗೆರೆ ದಾಟಿದವರಲ್ಲಿ ಗಾಯಕಿ ಐಯು ಹೆಸರು ಮೊದಲ ಸಾಲಿನಲ್ಲಿದೆ. ಮೈಸೂರು ಅಥವಾ ಮಂಡ್ಯದ ಮನೆಯಲ್ಲಿ ಕೂತು ಅವಳ ಅಭಿನಯವನ್ನು ಸರಿಯಾಗಿ ನೋಡಬೇಕು ಅನ್ನುವವರು ನೆಟ್‌ಫ್ಲಿಕ್ಸ್‌ಗೆ ಎಷ್ಟು ಕಟ್ಟಬೇಕು, ಹೇಗೆ ಹೊಂದಿಸಿಕೊಳ್ಳಬೇಕು, ಯಾವುದನ್ನು ಮೊದಲು ನೋಡಬೇಕು ಅನ್ನುವುದು ಇಲ್ಲಿನ ವಿಷಯ. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಒಂದೇ ತಿಂಗಳು, 199 ರೂಪಾಯಿಯ ಬೇಸಿಕ್ ಪ್ಲಾನ್, ಮೂಲ ಕೊರಿಯನ್ ಧ್ವನಿ, ಕಿವಿಗೆ ಇಯರ್‌ಫೋನ್.

ದರಪಟ್ಟಿ 2021ರ ಡಿಸೆಂಬರ್‌ನಲ್ಲಿ ಇಳಿದದ್ದು. ತಿಂಗಳಿಗೆ ಮೊಬೈಲ್ ಪ್ಲಾನ್ 149, ಬೇಸಿಕ್ 199, ಸ್ಟ್ಯಾಂಡರ್ಡ್ 499, ಪ್ರೀಮಿಯಂ 649. ಮೊದಲೆರಡರ ನಡುವೆ ಐವತ್ತೇ ರೂಪಾಯಿ ವ್ಯತ್ಯಾಸ, ಆದರೆ ಆ ಐವತ್ತರಲ್ಲಿ ಟಿವಿ ಇದೆ. 149ರದ್ದು ಫೋನ್ ಅಥವಾ ಟ್ಯಾಬ್‌ನಲ್ಲಿ ಮಾತ್ರ, 480ಪಿ ಗುಣಮಟ್ಟದಲ್ಲಿ ಓಡುತ್ತದೆ (ಈ ಸಂಖ್ಯೆ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ). ಲ್ಯಾಪ್‌ಟಾಪ್‌ನಲ್ಲಿ ಬರುವುದಿಲ್ಲ, ಫೋನಿನಿಂದ ಟಿವಿಗೆ ಕಾಸ್ಟ್ ಮಾಡಲೂ ಬರುವುದಿಲ್ಲ. 199ರದ್ದು 720ಪಿ, ಒಂದು ಹೊತ್ತಿಗೆ ಒಂದೇ ಪರದೆ, ಆದರೆ ಅದು ಯಾವ ಪರದೆಯಾದರೂ ಆಗಬಹುದು. ಐಯು ನಟನೆ ಇರುವುದು ಕಣ್ಣಿನ ಕೆಳಗಿನ ಸಣ್ಣ ಅದುರಿನಲ್ಲಿ, ತುಟಿ ಕಚ್ಚಿ ಬಿಡುವುದರಲ್ಲಿ. ಆರಿಂಚಿನ ಪರದೆಯ 480ಪಿ ಕತ್ತಲ ದೃಶ್ಯದಲ್ಲಿ ಅದು ಮಸಿಯಾಗಿ ಕಲಸಿಹೋಗುತ್ತದೆ. ಅವಳ ‘ಮೈ ಮಿಸ್ಟರ್’ ಪೂರ್ತಿ ಮಬ್ಬು ಬೆಳಕಿನ ಧಾರಾವಾಹಿ, ಅದಕ್ಕಂತೂ ಮೊಬೈಲ್ ಪ್ಲಾನ್ ಅನ್ಯಾಯ. 499 ಬೇಕಾಗುವುದು ಮನೆಯಲ್ಲಿ ಏಕಕಾಲಕ್ಕೆ ಇಬ್ಬರು ಬೇರೆಬೇರೆ ನೋಡುವುದಿದ್ದರೆ. 1080ಪಿ ಸಿಗುತ್ತದೆ ನಿಜ, ಆದರೆ ಒಬ್ಬರೇ ನೋಡುವವರಿಗೆ ಆ 300 ರೂಪಾಯಿ ದಂಡ.

ಸರಸ್ವತಿಪುರಂ, ಕುವೆಂಪುನಗರದ ಪಿ.ಜಿ.ಗಳಲ್ಲಿ ಇದ್ದುಕೊಂಡು ಮದ್ದೂರಿನ ಅಥವಾ ಪಾಂಡವಪುರದ ಮನೆಯ ಖಾತೆಯಲ್ಲೇ ನೋಡೋಣ ಅಂದುಕೊಂಡವರಿಗೆ ಒಂದು ಮಾತು. 2023ರ ಜುಲೈನಿಂದ ನಮ್ಮಲ್ಲೂ ಒಂದು ಖಾತೆ ಒಂದೇ ಮನೆಗೆ ಅನ್ನುವ ನಿಯಮ ಜಾರಿಯಲ್ಲಿದೆ. ಬೇರೆ ಊರಿನ ಟಿವಿಯಲ್ಲಿ ತೆರೆದರೆ ಇದು ನಿಮ್ಮ ಮನೆಯಲ್ಲ ಅನ್ನುವ ಸೂಚನೆ ಬರಬಹುದು. ಪ್ರಯಾಣದಲ್ಲಿದ್ದೇನೆ ಅನ್ನುವ ಆಯ್ಕೆ ಒತ್ತಿದರೆ ಖಾತೆಗೆ ಸೇರಿದ ಇಮೇಲ್‌ಗೋ ಫೋನಿಗೋ ಕೋಡ್ ಹೋಗುತ್ತದೆ, 15 ನಿಮಿಷದೊಳಗೆ ಹಾಕಬೇಕು. ಅಪ್ಪನ ಫೋನ್ ಗದ್ದೆಯಲ್ಲಿದ್ದರೆ ಕೆಲಸ ಕೆಟ್ಟಿತು. ವಾರಕ್ಕೊಮ್ಮೆ ಅವರನ್ನು ಕಾಡುವುದಕ್ಕಿಂತ ಸ್ವಂತ 199 ಕಟ್ಟುವುದು ಮೇಲು.

ಡೇಟಾ ಲೆಕ್ಕ ಹೀಗೆ. ಮಧ್ಯಮ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 0.7 ಜಿಬಿ, ಹೈ ಆಯ್ಕೆಯಲ್ಲಿ 3 ಜಿಬಿವರೆಗೆ ಹೋಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಫೋನ್ ಪ್ಯಾಕ್ ಇದ್ದರೆ ಮಧ್ಯಮದಲ್ಲಿ ಎರಡು ಗಂಟೆ ನೋಡಬಹುದು, ಹೈನಲ್ಲಿ ಅರ್ಧ ಗಂಟೆಗೇ ಪ್ಯಾಕ್ ಖಾಲಿ. ಮನೆಯಲ್ಲಿ ಫೈಬರ್ ಇದ್ದರೆ ಈ ಚಿಂತೆ ಬೇಡ, 720ಪಿಗೆ 3 ಎಂಬಿಪಿಎಸ್ ವೇಗ ಸಾಕು. ಮೈಸೂರಿನಿಂದ ಬೆಂಗಳೂರಿಗೆ ರೈಲಲ್ಲಿ ಓಡಾಡುವವರು ಹಿಂದಿನ ರಾತ್ರಿಯೇ ಎರಡು ಕಂತು ಡೌನ್‌ಲೋಡ್ ಮಾಡಿಟ್ಟುಕೊಳ್ಳಲಿ. ಎರಡೂವರೆ–ಮೂರು ಗಂಟೆಯ ದಾರಿಗೆ ಅಷ್ಟು ಸರಿಹೋಗುತ್ತದೆ, ದಾರಿಯಲ್ಲಿ ಸಿಗ್ನಲ್ ಹೋದಾಗ ಚಕ್ರ ಸುತ್ತುವುದನ್ನು ನೋಡುವ ಕೆಲಸವೂ ಇಲ್ಲ. ಬೇಸಿಕ್‌ನಲ್ಲಿ ಒಂದೇ ಸಾಧನಕ್ಕೆ ಡೌನ್‌ಲೋಡ್ ಸಿಗುತ್ತದೆ. ಕೆಲವು ಡೌನ್‌ಲೋಡ್‌ಗಳು ನೋಡಲು ಶುರುಮಾಡಿದ 48 ಗಂಟೆಗೆ ಅವಧಿ ಮುಗಿಸುತ್ತವೆ, ಅರ್ಧಕ್ಕೆ ನಿಲ್ಲಿಸಿ ವಾರ ಬಿಟ್ಟು ಬರಬೇಡಿ.

ಇನ್ನು ಧ್ವನಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಹೆಚ್ಚಿನವರು ತಪ್ಪುವುದೂ ಇಲ್ಲೇ.

ಗಾಯಕಿಯೊಬ್ಬಳು ನಟಿಯಾದ ಬಗೆ ತಿಳಿಯಬೇಕಾದರೆ ಅವಳ ಗಂಟಲು ಕೇಳಲೇಬೇಕು. ಡಬ್ ಆದ ಧ್ವನಿಯಲ್ಲಿ ಸಿಗುವುದು ಅವಳ ಮುಖ, ಇನ್ಯಾರದೋ ಉಸಿರು. ಅಣ್ಣಾವ್ರ ಚಿತ್ರವನ್ನು ಬೇರೆಯವರ ಧ್ವನಿಯಲ್ಲಿ ನೋಡಿ ಅಂದರೆ ನಾವು ಒಪ್ಪುತ್ತೇವಾ? ಗುಬ್ಬಿ ಕಂಪನಿಯಲ್ಲಿ ಪಳಗಿದ ಆ ಗಂಟಲು 1974ರಿಂದ ಪರದೆಯ ಮೇಲೆ ಹಾಡಲೂ ತೊಡಗಿದಾಗ ಮಾತು–ಹಾಡು ಎರಡೂ ಒಂದೇ ಮನುಷ್ಯನಿಂದ ಬರುತ್ತಿವೆ ಅನ್ನುವುದು ಕೇಳುವವರಿಗೆ ಗೊತ್ತಾಯಿತು. ಐಯು ಬಂದದ್ದು ಎದುರು ದಿಕ್ಕಿನಿಂದ, ಹಾಡಿನಿಂದ ಮಾತಿಗೆ.

ಕಂತು ಓಡುತ್ತಿರುವಾಗ ಪರದೆ ಮುಟ್ಟಿ, ‘ಆಡಿಯೊ ಅಂಡ್ ಸಬ್‌ಟೈಟಲ್ಸ್’ ತೆರೆಯಿರಿ. ಆಡಿಯೊದಲ್ಲಿ ‘ಒರಿಜಿನಲ್’ ಅಂತ ಗುರುತಿರುವ ಕೊರಿಯನ್, ಸಬ್‌ಟೈಟಲ್‌ನಲ್ಲಿ ಇಂಗ್ಲಿಷ್. ಟಿವಿಯಲ್ಲಿ ‘5.1’ ಅಂತ ಬರೆದ ಆಡಿಯೊ ಇದ್ದರೆ ಅದನ್ನು ಬಿಟ್ಟು ಸಾದಾ ಒರಿಜಿನಲ್ ಆರಿಸಿ. ಐದು ಸ್ಪೀಕರಿಗೆ ಹಂಚಿದ ಧ್ವನಿಯನ್ನು ಟಿವಿಯ ಎರಡೇ ಸ್ಪೀಕರಿಗೆ ತುರುಕಿದಾಗ ನಡುವಿನ ಮಾತು ಕುಗ್ಗಿ ಸಂಗೀತ ಮೆರೆಯುತ್ತದೆ. ಪಿಸುಮಾತಿಗೆ ವಾಲ್ಯೂಮ್ ಏರಿಸುವುದು, ಮಳೆ ಬಂದಾಗ ಇಳಿಸುವುದು, ಈ ಗೋಳು ಅದರಿಂದಲೇ. ಅಕ್ಷರ ಸಣ್ಣದಾಯಿತು ಅನ್ನುವವರು ಬ್ರೌಸರಿನಲ್ಲಿ ಖಾತೆ ತೆರೆದು, ಪ್ರೊಫೈಲ್ ಒಳಗಿನ ‘ಸಬ್‌ಟೈಟಲ್ ಅಪಿಯರೆನ್ಸ್’ನಲ್ಲಿ ದೊಡ್ಡದು ಮಾಡಿಕೊಳ್ಳಬಹುದು.

ಇಂಗ್ಲಿಷ್ ಸಬ್‌ಟೈಟಲ್‌ಗಳು ಓದಲು ಸಲೀಸು. ಆದರೆ ನೀನು, ನೀವು ಎರಡನ್ನೂ ಒಂದೇ ಪದಕ್ಕೆ ಇಳಿಸಿಬಿಡುತ್ತವೆ. ಕೊರಿಯನ್ನಿನಲ್ಲಿ ಈ ಭೇದ ನಮ್ಮಷ್ಟೇ ಗಟ್ಟಿ. ಗುರುತಿಸುವುದು ಕಷ್ಟವಲ್ಲ: ಸಾಲಿನ ಕೊನೆಯಲ್ಲಿ ‘ಯೊ’ ಅಥವಾ ‘ನಿದಾ’ ಕೇಳಿಸಿದರೆ ಬಹುವಚನದ ಮರ್ಯಾದೆ, ಅದಿಲ್ಲದೆ ಮೊಟಕಾಗಿ ನಿಂತರೆ ಏಕವಚನ. ಎರಡು ಕಂತು ಕಳೆಯುವಷ್ಟರಲ್ಲಿ ಕನ್ನಡದ ಕಿವಿ ಇದನ್ನು ತಾನಾಗೇ ಹಿಡಿಯುತ್ತದೆ, ಇಂಗ್ಲಿಷ್ ಮಾತ್ರ ಬಲ್ಲವರಿಗೆ ಈ ಸುಖವಿಲ್ಲ. ‘ಮೈ ಮಿಸ್ಟರ್’ ಧಾರಾವಾಹಿಯ ಮೂಲ ಹೆಸರಿನಲ್ಲಿರುವ ‘ಅಜೊಸ್ಸಿ’ ಪದವನ್ನೇ ತೆಗೆದುಕೊಳ್ಳಿ. ಅದು ಬೀದಿಯಲ್ಲಿ ನಡುವಯಸ್ಸಿನ ಗಂಡಸನ್ನು ಕರೆಯುವ ಪದ, ನಮ್ಮ ‘ಯಜಮಾನ್ರೇ’ ಮತ್ತು ‘ಅಂಕಲ್’ ನಡುವೆ ಎಲ್ಲೋ ನಿಲ್ಲುತ್ತದೆ. ಅದನ್ನು ಐಯು ಮೊದಲ ಕಂತುಗಳಲ್ಲಿ ಹೇಳುವ ಬಗೆಗೂ ಕೊನೆಯ ಕಂತುಗಳಲ್ಲಿ ಹೇಳುವ ಬಗೆಗೂ ಇರುವ ದೂರವೇ ಕಥೆ.

ಹುಡುಕುವಾಗ ಎರಡು ಹೆಸರು ಹಾಕಿ ನೋಡಿ. ಗಾಯಕಿಯಾಗಿ ಐಯು, ಹಿಂದಿನ ಧಾರಾವಾಹಿಗಳ ಪಾತ್ರವರ್ಗದಲ್ಲಿ ಲೀ ಜಿ-ಉನ್. ಬರೀ ಒಂದನ್ನು ಹಾಕಿದರೆ ಕೆಲವು ಕಾಣದೇ ಹೋಗಬಹುದು. ನೆಟ್‌ಫ್ಲಿಕ್ಸ್ ತಾನೇ ತಂದದ್ದು 2019ರ ನಾಲ್ಕು ಕಿರುಚಿತ್ರಗಳ ಗುಚ್ಛ ‘ಪರ್ಸೋನಾ’ ಮತ್ತು 2025ರ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’. ಉಳಿದ ಧಾರಾವಾಹಿಗಳು ಕೊರಿಯಾದ ಚಾನೆಲ್‌ಗಳಿಂದ ಅವಧಿಗೆಂದು ಪಡೆದವು, ಬರುತ್ತವೆ ಹೋಗುತ್ತವೆ. ಆದ್ದರಿಂದ ಹಣ ಕಟ್ಟುವ ದಿನವೇ ಬೇಕಾದದ್ದು ಇದೆಯೇ ಅಂತ ಗೂಗಲ್‌ನಲ್ಲಿ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಕೊರಿಯನ್ ಧಾರಾವಾಹಿ ತೋರಿಸುವ ವಿಕಿ (Viki) ಆ್ಯಪ್ ಇದೆ. ಕೆಲವನ್ನು ಜಾಹೀರಾತಿನ ಜೊತೆ ಪುಕ್ಕಟೆ ತೋರಿಸುತ್ತದೆ, ಸಬ್‌ಟೈಟಲ್ ಬರೆಯುವವರು ಅಭಿಮಾನಿ ಸ್ವಯಂಸೇವಕರು.

ಕ್ರಮದ ವಿಚಾರಕ್ಕೆ ಬಂದರೆ, ಹಳೆಯದರಿಂದ ಶುರುಮಾಡಬೇಡಿ. 2008ರಲ್ಲಿ ಹದಿನೈದರ ಹುಡುಗಿಯಾಗಿ ಹಾಡಲು ಬಂದವಳು 2011ರ ‘ಡ್ರೀಮ್ ಹೈ’ನಲ್ಲಿ ಮಾಡಿದ್ದು ಹಾಡುವ ಹುಡುಗಿಯ ಪಾತ್ರವನ್ನೇ, ಅದರಲ್ಲಿ ಕಲಿಯುವಂಥದ್ದು ಕಡಿಮೆ. 2013ರಲ್ಲಿ ವಾರಾಂತ್ಯದ 50 ಕಂತಿನ ಕುಟುಂಬ ಧಾರಾವಾಹಿಯೊಂದರ ನಾಯಕಿಯಾದಳು. ಹಿರಿಯ ಕಲಾವಿದರ ಜೊತೆ ದಿನವೂ ಊಟದ ಮೇಜಿನ ಮಾತಾಡಿಸುವ ಅಂಥ ಕೆಲಸ ಗಾಯಕರಿಗೆ ಸಿಗಬಹುದಾದ ಗಟ್ಟಿ ಗರಡಿ. 2016ರ ಐತಿಹಾಸಿಕ ‘ಮೂನ್ ಲವರ್ಸ್’ನಲ್ಲಿ ಅವಳ ನಟನೆ ಟೀಕೆಗೆ ಸಿಕ್ಕಿತು. ಅದರ ಮೊದಲ ಕಂತುಗಳಲ್ಲಿ ಕಣ್ಣರಳಿಸುವುದು ಹೆಚ್ಚು, ಕೇಳಿಸಿಕೊಳ್ಳುವುದು ಕಡಿಮೆ, ಕುರುಕ್ಷೇತ್ರದ ಕೃಷ್ಣನ ತೊಂದರೆಯೇ ಅದು. ಅದನ್ನು ಕೊನೆಗಿಡಿ.

ಮೊದಲು 2018ರ ‘ಮೈ ಮಿಸ್ಟರ್’, 16 ಕಂತು. ಲೀ ಜಿ-ಆನ್ ಅನ್ನುವ ಇಪ್ಪತ್ತೊಂದರ ತಾತ್ಕಾಲಿಕ ನೌಕರಳ ಪಾತ್ರ. ಸಾಲದವರ ಕಾಟ, ಕಿವಿ ಕೇಳದ ಅಜ್ಜಿ. ನಾಯಕನ ಫೋನಿಗೆ ಕದ್ದಾಲಿಸುವ ತಂತ್ರ ಹಾಕಿ ಅವನ ಮಾತು, ನಡಿಗೆ, ನಿಟ್ಟುಸಿರು ಎಲ್ಲ ಇಯರ್‌ಫೋನಿನಲ್ಲಿ ಕೇಳುತ್ತಾಳೆ. ಅಂದರೆ ಪಾತ್ರದ ಕೆಲಸವೇ ಕೇಳಿಸಿಕೊಳ್ಳುವುದು. ಅಜ್ಜಿಯ ಜೊತೆ ಸನ್ನೆ ಭಾಷೆ, ಅಲ್ಲಿ ಗಂಟಲಿಗೂ ಕೆಲಸವಿಲ್ಲ. ಹಾಡಿ ಹೆಸರಾದವಳಿಂದ ನಿರ್ದೇಶಕ ಕಿಮ್ ವೊನ್-ಸೊಕ್ ಅವಳ ದೊಡ್ಡ ಆಸ್ತಿಯನ್ನೇ ಕಿತ್ತುಕೊಂಡು ಬರಿಗೈಲಿ ನಿಲ್ಲಿಸಿದಂತಿದೆ, ನಿಂತಳು. ಕೊರಿಯಾದ 2019ರ ಬೇಕ್ಸಾಂಗ್ ಪ್ರಶಸ್ತಿಯಲ್ಲಿ ಅತ್ಯುತ್ತಮ ಧಾರಾವಾಹಿ ಇದೇ. ಮೊದಲ ನಾಲ್ಕು ಕಂತು ನಿಧಾನ, ಕೆಲವು ದೃಶ್ಯಗಳು ಒರಟು. ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ. ನಾಲ್ಕರ ತನಕ ತಾಳ್ಮೆ ಬೇಕು, ಆಮೇಲೆ ಅದೇ ಎಳೆದುಕೊಂಡು ಹೋಗುತ್ತದೆ.

ಅದರ ಬೆನ್ನಿಗೆ ‘ಟ್ಯಾಂಜರೀನ್ಸ್’. ನಿರ್ದೇಶಕರು ಅವರೇ, ಕಂತು ಇಲ್ಲೂ 16. ನಾಲ್ಕು ಋತುಗಳಾಗಿ ಹಂಚಿ 2025ರ ಮಾರ್ಚ್ 7ರಿಂದ ವಾರಕ್ಕೆ ನಾಲ್ಕರಂತೆ ಬಿಟ್ಟರು. ಅದೇ ನಾಲ್ಕರ ಲೆಕ್ಕದಲ್ಲಿ ನೋಡುವುದು ಒಳ್ಳೆಯದು, ಒಂದೇ ರಾತ್ರಿಗೆ ಎಂಟು ನೋಡಿದರೆ ಅಳು ಬತ್ತಿಹೋಗುತ್ತದೆ. ಜೇಜು ದ್ವೀಪದ ಏ-ಸುನ್ ಅನ್ನುವ ಹುಡುಗಿಯ ಯೌವನವನ್ನೂ ಅವಳ ಮಗಳು ಗುಮ್-ಮ್ಯೊಂಗ್ ಪಾತ್ರವನ್ನೂ ಐಯು ಒಬ್ಬಳೇ ಮಾಡಿದ್ದಾಳೆ. ಕೇಶ, ಬಟ್ಟೆ ಬಿಟ್ಟು ಧ್ವನಿ ಗಮನಿಸಿ: ತಾಯಿಯ ಮಾತು ಎದೆಯಿಂದ, ಗಾಳಿಗೆ ಎದುರಾಗಿ ಕೂಗಿ ಅಭ್ಯಾಸವಾದವರ ಹಾಗೆ. ಮಗಳದು ಬಿಗಿದ ಗಂಟಲು, ಓದಿ ಪಟ್ಟಣ ಸೇರಿದವಳ ಸಂಕೋಚ ಮತ್ತು ಸಿಡುಕು. ಮನೆಗೆ ಫೋನ್ ಮಾಡಿ ಅಮ್ಮನ ಮೇಲೆ ರೇಗಿ ಆಮೇಲೆ ನೊಂದುಕೊಳ್ಳುವ ಮಕ್ಕಳು ಮಾನಸಗಂಗೋತ್ರಿಯ ಹಾಸ್ಟೆಲಿನಲ್ಲೂ ಇದ್ದಾರೆ, ಅವರಿಗೆ ಇದನ್ನು ವಿವರಿಸಬೇಕಿಲ್ಲ.

ಇದರ ಕೊರಿಯನ್ ಹೆಸರೇ ಜೇಜುವಿನ ಆಡುಮಾತು. ‘ಪೊಕ್ಸಾಕ್ ಸೊಗಾತ್ಸುದಾ’ ಅಂದರೆ ಬಹಳ ಕಷ್ಟಪಟ್ರಿ ಅಂತ ಮನಸಾರೆ ಹೇಳುವ ಮಾತು. ಸಿಯೋಲಿನವರ ಕಿವಿಗೆ ಅದು ಪೂರಾ ಮೋಸಹೋದಿರಿ ಅಂದ ಹಾಗೆ ಕೇಳುತ್ತದೆ. ಮಂಡ್ಯದ ಮಾತಿಗೆ ಬೇರೆ ಊರಿನವರು ತಲೆ ಕೆರೆದುಕೊಳ್ಳುವುದನ್ನು ಕಂಡವರಿಗೆ ಇದರ ರುಚಿ ಗೊತ್ತು. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಈ ಸೊಗಡು ಪೂರ್ತಿ ನಷ್ಟ. ಇದು ಈ ಸೇವೆಯ ನಿಜವಾದ ಕೊರತೆ, ದರಕ್ಕಿಂತ ದೊಡ್ಡದು.

‘ಹೋಟೆಲ್ ಡೆಲ್ ಲೂನಾ’ 2019ರದ್ದು, ಸಿಕ್ಕರೆ ನೋಡಿ. ಸಾವಿರ ವರ್ಷ ದಾಟಿದ ದೆವ್ವದ ಹೋಟೆಲಿನ ಒಡತಿ, ಉಡುಗೆ ತೊಡುಗೆಯ ವೈಭವ, ನಟನೆಗಿಂತ ಠೀವಿ ಹೆಚ್ಚು. ಜಪಾನಿನ ಕೊರೆ-ಎಡಾ ನಿರ್ದೇಶಿಸಿ 2022ರ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋದ ‘ಬ್ರೋಕರ್’ ಎರಡು ಗಂಟೆಯ ಚಿತ್ರ, ಎಲ್ಲಿ ಸಿಕ್ಕರೂ ಬಿಡಬೇಡಿ.

‘ಮೈ ಮಿಸ್ಟರ್’ ಕಂತುಗಳು ಗಂಟೆಗೂ ಮೀರಿ ಉದ್ದ. ಎರಡೂ ಧಾರಾವಾಹಿ ಸೇರಿ 32 ಕಂತು, ದಿನಕ್ಕೆ ಒಂದು, ಭಾನುವಾರ ಎರಡು ಅಂದರೆ ತಿಂಗಳೊಳಗೆ ಮುಗಿಯುತ್ತದೆ. ಯುಪಿಐ ಆಟೊಪೇ ಮೂಲಕ ಕಟ್ಟಿದವರು ಸೇರಿದ ದಿನವೇ ಖಾತೆಗೆ ಹೋಗಿ ‘ಕ್ಯಾನ್ಸಲ್ ಮೆಂಬರ್‌ಶಿಪ್’ ಒತ್ತಿಬಿಡಿ. ಕಟ್ಟಿದ ತಿಂಗಳು ಮುಗಿಯುವ ತನಕ ಎಲ್ಲ ಎಂದಿನಂತೆ ಓಡುತ್ತದೆ, ಮುಂದಿನ ತಿಂಗಳ 199 ತಾನಾಗೇ ಹೋಗುವುದಿಲ್ಲ. ಆಮೇಲೆ ಯುಪಿಐ ಆ್ಯಪ್ ತೆರೆದು ಆಟೊಪೇ ಪಟ್ಟಿಯಲ್ಲಿ ಆ ಅನುಮತಿ ಇನ್ನೂ ಚಾಲ್ತಿಯಲ್ಲಿದೆಯೇ ಅಂತಲೂ ಒಮ್ಮೆ ನೋಡಿಕೊಳ್ಳಿ.